ಗಾಜಿನ ಮೇಲಿನ ಬಿಳಿಯ ಕಲೆ

(ಬ್ಲಾಕಿನ ರೈತರ ಸಭೆಯಲ್ಲಿ ಗಡಸು ನೀರನ್ನು ಕುರಿತು ಮಾಡಿದ ಭಾಷಣ)



ಈ ದಿನ ನಾನು ಮಾತನಾಡಬೇಕೆಂದಿರುವ ವಿಷಯ ನೋಡುವುದಕ್ಕೆ ಬಹಳ ಸಣ್ಣದು. ನೀರು ಒಣಗಿದ ಮೇಲೆ ಗಾಜಿನ ಮೇಲೆ ಉಳಿಯುವ ಬಿಳಿಯ ಕಲೆಯ ವಿಷಯ. ಬೀಜ, ಗೊಬ್ಬರ, ಸಾಲ, ಮಾರುಕಟ್ಟೆ ಇವುಗಳ ನಡುವೆ ಗಾಜಿನ ಕಲೆಗೆ ಏನು ಜಾಗ ಎಂದು ತಾವು ಕೇಳಬಹುದು. ಕೇಳತಕ್ಕ ಮಾತೇ ಸರಿ.

ಹಿಂದೆ ನಮ್ಮ ಹಳ್ಳಿಯ ಮನೆಗಳಲ್ಲಿ ಗಾಜೆಂದರೆ ಲಾಂದ್ರದ ಬುರುಡೆ, ಗೋಡೆಯ ಕನ್ನಡಿ, ದೇವರ ಪಟ, ಇಷ್ಟೇ. ಈಗ ಹಾಗಿಲ್ಲ. ಹೊಸ ಮನೆ ಕಟ್ಟಿದವರು ಬಚ್ಚಲು ಮನೆಗೆ ಗಾಜಿನ ಕಿಟಕಿ ಇಡುತ್ತಾರೆ. ಕೆಲವರು ಪಟ್ಟಣದಲ್ಲಿ ಕಂಡು ಬಂದು ಸ್ನಾನದ ಜಾಗಕ್ಕೆ ಗಾಜಿನ ಬಾಗಿಲನ್ನೇ ಹಾಕಿಸಿದ್ದಾರೆ. ಮಾಳಿಗೆಯ ಮೇಲೆ ಬಿಸಿಲಿನಿಂದ ನೀರು ಕಾಯಿಸುವ ಗಾಜಿನ ಕೊಳವೆಗಳಿವೆ. ಎಲ್ಲಕ್ಕಿಂತ ಮಿಗಿಲಾಗಿ, ಹೊಲದಲ್ಲಿ ಸೋಲಾರ್ ಪಂಪಿನ ಫಲಕಗಳಿವೆ. 2019ರಲ್ಲಿ ಕೇಂದ್ರ ಸರ್ಕಾರದ ಪಿಎಂ ಕುಸುಮ್ ಯೋಜನೆ ಆರಂಭವಾದ ಮೇಲೆ ಸೋಲಾರ್ ಪಂಪು ಎಷ್ಟೋ ರೈತರ ಹೊಲಕ್ಕೆ ಬಂದಿದೆ. ಆ ಫಲಕದ ಮುಖವೆಲ್ಲ ಗಾಜು. ಗಾಜು ಮಬ್ಬಾದರೆ ಬೆಳಕು ಒಳಗೆ ಹೋಗುವುದಿಲ್ಲ. ಬೆಳಕು ಹೋಗದಿದ್ದರೆ ನೀರು ಮೇಲಕ್ಕೆ ಬರುವುದಿಲ್ಲ. ಆದುದರಿಂದ ಗಾಜಿನ ಕಲೆ ಇಂದು ಬೆಳೆಯ ಪ್ರಶ್ನೆಯೂ ಆಗಿದೆ.

ನಾನು ಹೇಳಬೇಕಾದುದು ಒಂದೇ ಮಾತು. ಕಲೆ ಮಾಡುವುದು ನೀರಲ್ಲ, ನೀರು ಒಣಗುವುದು. ನೀರನ್ನು ಗಾಜಿನ ಮೇಲೆ ಒಣಗಲು ಬಿಡದಿದ್ದರೆ ಕಲೆಯೇ ಇಲ್ಲ. ಉಳಿದುದೆಲ್ಲ ಈ ಒಂದು ಮಾತಿನ ವಿವರಣೆ.

ಕಲೆ ಎಲ್ಲಿಂದ ಬರುತ್ತದೆ?

ಕಲೆಯನ್ನು ಕಂಡವರು ಸಾಮಾನ್ಯವಾಗಿ ಗಾಜು ಕೊಳೆಯಾಗಿದೆ ಎನ್ನುತ್ತಾರೆ. ಅದು ಕೊಳೆಯಲ್ಲ, ಕಲ್ಲು. ಮಳೆಯ ನೀರು ಮೋಡದಿಂದ ಬೀಳುವಾಗ ಮೆದುವಾಗಿರುತ್ತದೆ. ಗಾಳಿಯಿಂದ ಸ್ವಲ್ಪ, ಮಣ್ಣಿನೊಳಗೆ ಬೇರುಗಳೂ ಸೂಕ್ಷ್ಮ ಜೀವಿಗಳೂ ಬಿಡುವ ಉಸಿರಿನಿಂದ ಹೆಚ್ಚಾಗಿ, ಇಂಗಾಲದ ಡೈಆಕ್ಸೈಡ್ ಅನಿಲವನ್ನು ಹೀರಿಕೊಂಡು ಅದು ಅತಿ ಸೌಮ್ಯವಾದ ಹುಳಿಯಾಗುತ್ತದೆ. ಅಂಥ ನೀರು ಮಣ್ಣಿನಲ್ಲಿರುವ ಸುಣ್ಣದ ಗರಸನ್ನೂ ಬಂಡೆಯ ಖನಿಜಗಳನ್ನೂ ನಿಧಾನವಾಗಿ ಕರಗಿಸಿಕೊಳ್ಳುತ್ತ ಆಳಕ್ಕೆ ಇಳಿಯುತ್ತದೆ. ಹೀಗೆ ಕರಗಿ ಬರುವ ಪದಾರ್ಥಗಳಲ್ಲಿ ಕ್ಯಾಲ್ಸಿಯಂ ಮತ್ತು ಮೆಗ್ನೀಷಿಯಂ ಹೆಚ್ಚಾಗಿರುವ ನೀರಿಗೆ ಗಡಸು ನೀರು ಎಂದು ಹೆಸರು. ಬೇಳೆ ಬೇಯದ ನೀರು, ಸೋಪು ನೊರೆ ಬಾರದ ನೀರು ಎಂದು ನಮ್ಮ ತಾಯಂದಿರು ಅದನ್ನು ಬಹು ಕಾಲದಿಂದ ಬಲ್ಲರು.

ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು, ಚಿತ್ರದುರ್ಗದ ಕಡೆ ಕೆರೆ ಮತ್ತು ತೆರೆದ ಬಾವಿಗಳ ನೀರನ್ನು ನಂಬಿದ್ದ ಊರುಗಳು ಈಗ ಆಳವಾದ ಕೊಳವೆ ಬಾವಿಯನ್ನು ನಂಬಿವೆ. ಬಂಡೆಯ ಸಂದಿನಲ್ಲಿ ಬಹುಕಾಲ ನಿಂತ ನೀರಿಗೆ ಬಂಡೆಯನ್ನು ಕರಗಿಸಿಕೊಳ್ಳಲು ಬೇಕಾದಷ್ಟು ಸಮಯ ಸಿಕ್ಕಿರುತ್ತದೆ. ಆದುದರಿಂದಲೇ ಅಜ್ಜಿಯ ಕಾಲದಲ್ಲಿ ಕಾಣದ ಬಿಳಿಯ ಪೊರೆ ಇಂದು ಹಂಡೆಯಲ್ಲಿ, ಕೊಡದಲ್ಲಿ, ನಲ್ಲಿಯ ಮೂತಿಯಲ್ಲಿ ಕಾಣಿಸುತ್ತದೆ.

ಇಂಥ ನೀರಿನ ಒಂದು ಹನಿ ಗಾಜಿನ ಮೇಲೆ ಕುಳಿತಿತು ಎನ್ನಿ. ನೀರು ಆವಿಯಾಗಿ ಹೋಗುತ್ತದೆ, ಅನಿಲವೂ ಹೋಗುತ್ತದೆ. ಕರಗಿದ್ದ ಸುಣ್ಣ ಹೋಗಲಾರದು; ಅಲ್ಲಿಯೇ ಗಟ್ಟಿಯಾಗಿ ಕೂರುತ್ತದೆ. ಹನಿಯ ಅಂಚು ಮೊದಲು ಒಣಗುವುದರಿಂದ ಸುಣ್ಣವೂ ಅಂಚಿಗೆ ಸರಿದು ಬಳೆಯಂತೆ ಗುಂಡಗೆ ನಿಲ್ಲುತ್ತದೆ. ಮರುದಿನ ಮತ್ತೊಂದು ಹನಿ, ಅದರ ಮೇಲೆ ಇನ್ನೊಂದು ಪದರ. ಹನಿ ಹನಿ ಗೂಡಿದರೆ ಹಳ್ಳ ಎಂಬ ಗಾದೆ ಇಲ್ಲಿ ಸುಣ್ಣದ ವಿಷಯದಲ್ಲಿಯೂ ನಿಜ.

ಲೆಕ್ಕ ಹಾಕಿ ನೋಡೋಣ. ಕುಡಿಯುವ ನೀರಿಗೆ ಭಾರತೀಯ ಮಾನಕ ಸಂಸ್ಥೆಯವರು 2012ರಲ್ಲಿ ಪ್ರಕಟಿಸಿದ ಪ್ರಮಾಣದಂತೆ ಗಡಸುತನವು ಲೀಟರಿಗೆ 200 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು. ಬೇರೆ ನೀರು ದೊರೆಯದಿದ್ದರೆ 600 ಮಿಲಿಗ್ರಾಂವರೆಗೆ ಒಪ್ಪಬಹುದು. ನಿಮ್ಮ ನೀರಿನ ಗಡಸುತನ 500 ಎಂದು ಇಟ್ಟುಕೊಳ್ಳಿ. 1,000 ಲೀಟರಿನ ಒಂದು ತೊಟ್ಟಿ ನೀರಿನಲ್ಲಿ ಅರ್ಧ ಕಿಲೋ ಸುಣ್ಣಕಲ್ಲಿನಷ್ಟು ಪದಾರ್ಥ ಕಣ್ಣಿಗೆ ಕಾಣದಂತೆ ಕರಗಿದೆ ಎಂದಾಯಿತು. ಸ್ನಾನವಾದ ಮೇಲೆ ಗಾಜಿನ ಬಾಗಿಲ ಮೇಲೆ 20 ಮಿಲಿಲೀಟರು, ಎಂದರೆ ನಾಲ್ಕು ಚಮಚದಷ್ಟು ನೀರು ಉಳಿದು ಒಣಗಿದರೆ ದಿನಕ್ಕೆ 10 ಮಿಲಿಗ್ರಾಂ ಕಲ್ಲು ಕೂರುತ್ತದೆ. ವರ್ಷಕ್ಕೆ ಮೂರೂವರೆ ಗ್ರಾಮಿಗೆ ಮಿಗಿಲಾಗುತ್ತದೆ. ಅದನ್ನು ತೆಳ್ಳಗೆ ಗಾಜಿಗೆಲ್ಲ ಸವರಿದರೆ ಗಾಜು ಮಬ್ಬಾಗದೆ ಇದ್ದೀತೇ?

ಮನೆಯಲ್ಲಿ ಮಾಡಿ ನೋಡಬಹುದಾದ ಪರೀಕ್ಷೆ

ನಾನು ಹೇಳಿದೆನೆಂದು ನಂಬಬೇಡಿ, ಮಾಡಿ ನೋಡಿ. ಒಂದು ಸ್ವಚ್ಛವಾದ ಗಾಜಿನ ತುಂಡಿನ ಮೇಲೆ ಒಂದು ಕಡೆ ಕೊಳವೆ ಬಾವಿಯ ನೀರಿನ ನಾಲ್ಕು ಹನಿ, ಇನ್ನೊಂದು ಕಡೆ ಶುಭ್ರವಾದ ಪಾತ್ರೆಯಲ್ಲಿ ಹಿಡಿದ ಮಳೆ ನೀರಿನ ನಾಲ್ಕು ಹನಿ ಇಟ್ಟು ಬಿಸಿಲಿನಲ್ಲಿ ಒಣಗಿಸಿ. ಒಂದು ಕಡೆ ಬಿಳಿಯ ಬಳೆಗಳು ಮೂಡುತ್ತವೆ, ಇನ್ನೊಂದು ಕಡೆ ಹೆಚ್ಚುಕಡಿಮೆ ಏನೂ ಇರುವುದಿಲ್ಲ. ಹಾಗೆಯೇ ಎರಡು ಸೀಸೆಗಳಲ್ಲಿ ಈ ಎರಡು ನೀರನ್ನು ಅರ್ಧ ತುಂಬಿ, ಸಮನಾಗಿ ಸ್ನಾನದ ಸೋಪಿನ ಪುಡಿ ಹಾಕಿ ಕುಲುಕಿ. ಮಳೆ ನೀರಿನಲ್ಲಿ ನೊರೆ ಉಕ್ಕುತ್ತದೆ. ಗಡಸು ನೀರಿನಲ್ಲಿ ನೊರೆ ಕಡಿಮೆ. ಬದಲಿಗೆ ಮೊಸರು ಒಡೆದಂತೆ ಬಿಳಿಯ ತುಣುಕು ತೇಲುತ್ತದೆ. ಸೋಪು ಮತ್ತು ಸುಣ್ಣ ಸೇರಿ ಆದ ಜಿಡ್ಡು ಅದು. ಸ್ನಾನದ ಮನೆಯ ಗಾಜಿನ ಮೇಲೆ ಬರಿಯ ಸುಣ್ಣವಲ್ಲದೆ ಈ ಜಿಡ್ಡೂ ಹತ್ತುತ್ತದೆ. ಆದಕಾರಣ ಅಲ್ಲಿನ ಕಲೆ ಬೇರೆಡೆಗಿಂತ ಹಟಮಾರಿ. ಶಾಲೆಯ ಮಕ್ಕಳಿಂದ ಈ ಪರೀಕ್ಷೆಗಳನ್ನು ಮಾಡಿಸಿದರೆ ಅವರಿಗೆ ಪಾಠವೂ ಆಗುತ್ತದೆ, ನಮಗೆ ತಿಳಿವಳಿಕೆಯೂ ಬರುತ್ತದೆ.

ಬಾರದಂತೆ ತಡೆಯುವುದು

ಮೊದಲು ಬಚ್ಚಲು ಮನೆಯ ಗಾಜನ್ನು ತೆಗೆದುಕೊಳ್ಳೋಣ. ಸ್ನಾನ ಮುಗಿದ ಕೂಡಲೇ, ಗಾಜು ಇನ್ನೂ ಒದ್ದೆಯಾಗಿರುವಾಗಲೇ, ರಬ್ಬರು ಪಟ್ಟಿಯ ಸಣ್ಣ ವೈಪರಿನಿಂದ ಮೇಲಿನಿಂದ ಕೆಳಕ್ಕೆ ಎಳೆಯಿರಿ. ಪ್ರತಿ ಸಲವೂ ಹಿಂದಿನ ಪಟ್ಟೆಯ ಮೇಲೆ ಎರಡು ಬೆರಳು ಅಗಲ ಸೇರಿಸಿ ಎಳೆದರೆ ನಡುವೆ ನೀರಿನ ಗೆರೆ ಉಳಿಯುವುದಿಲ್ಲ. ಆಮೇಲೆ ಕೆಳಗಿನ ಅಂಚನ್ನೂ ಚೌಕಟ್ಟಿನ ಮೂಲೆಯನ್ನೂ ಒಣಗಿದ ಹತ್ತಿಯ ಬಟ್ಟೆಯಿಂದ ಒರೆಸಿ. ಹಳೆಯ ಪಂಚೆಯ ತುಂಡು ಇದಕ್ಕೆ ಬಹಳ ಒಳ್ಳೆಯದು. ಎಲ್ಲ ಸೇರಿ ಒಂದು ನಿಮಿಷದ ಕೆಲಸ. ಇಪ್ಪತ್ತು ಮಿಲಿಲೀಟರು ನೀರು ಉಳಿಯುವ ಕಡೆ ಎರಡು ಉಳಿದರೆ ಸುಣ್ಣವೂ ಹತ್ತರಲ್ಲಿ ಒಂದು ಪಾಲಾಗುತ್ತದೆ. ಕೊನೆಯಲ್ಲಿ ಸ್ನಾನ ಮಾಡಿದವರು ಗಾಜು ಒರೆಸಿ ಬರತಕ್ಕದ್ದು ಎಂಬ ಕಟ್ಟಳೆಯನ್ನು ಮನೆಯಲ್ಲಿ ಮಾಡಿಕೊಳ್ಳಿ. ಇಲ್ಲವಾದರೆ ಈ ಕೆಲಸವೂ ಮನೆಯ ಹೆಣ್ಣುಮಕ್ಕಳ ತಲೆಗೇ ಬೀಳುತ್ತದೆ.

ಕಿಟಕಿ ತೆರೆದಿಡಿ ಎಂದು ಹೇಳುವವರು ಉಂಟು. ಗಾಳಿಯಾಡಿದರೆ ಪಾಚಿ, ಬೂಷ್ಟು ಬೆಳೆಯುವುದಿಲ್ಲ ನಿಜ. ಆದರೆ ಸುಣ್ಣದ ಕಲೆಗೆ ಗಾಳಿ ಪರಿಹಾರವಲ್ಲ. ಗಾಳಿಯೂ ನೀರನ್ನು ಒಣಗಿಸಿಯೇ ಹೋಗುವುದು. ಮೊದಲು ಒರೆಸಬೇಕು, ಆಮೇಲೆ ಕಿಟಕಿ ತೆರೆಯಬೇಕು.

ನೀರು ಹತ್ತದಂತೆ ಗಾಜಿಗೆ ಬಳಿಯುವ ಮೇಣದಂಥ ಲೇಪಗಳು ಅಂಗಡಿಯಲ್ಲಿ ಸಿಗುತ್ತವೆ. ಕೆಸುವಿನ ಎಲೆಯ ಮೇಲೆ ನೀರು ಉರುಳುವಂತೆ ಆ ಗಾಜಿನ ಮೇಲೆ ನೀರು ಉರುಳಿ ಹೋಗುತ್ತದೆ. ಕೆಲಸ ಸುಲಭವಾಗುತ್ತದೆ ನಿಜ. ಆದರೆ ಲೇಪ ಸವೆಯುತ್ತದೆ, ಮತ್ತೆ ಮತ್ತೆ ಬಳಿಯಬೇಕು, ಕಲೆಯಿರುವ ಗಾಜಿಗೆ ಬಳಿದರೆ ಕಲೆಯನ್ನೇ ಒಳಗಿಟ್ಟು ಮುಚ್ಚಿದಂತಾಗುತ್ತದೆ. ಅಡಿಗೆಯ ಎಣ್ಣೆ ಸವರುವುದು ಬೇಡ; ಅದು ಧೂಳನ್ನೂ ಸೋಪಿನ ಜಿಡ್ಡನ್ನೂ ಹಿಡಿದಿಡುತ್ತದೆ.

ಬಂದ ಕಲೆಯನ್ನು ತೆಗೆಯುವುದು

ಹಿತ್ತಾಳೆಯ ಬಿಂದಿಗೆಗೆ ಹುಣಸೇಹಣ್ಣು ಹಾಕಿ ಉಜ್ಜುವ ವಿದ್ಯೆಯನ್ನು ನಮಗೆ ಯಾರೂ ಹೊರಗಿನವರು ಕಲಿಸಬೇಕಾಗಿಲ್ಲ. ಸುಣ್ಣಕ್ಕೂ ಹುಳಿಯೇ ಮದ್ದು. ಹುಣಸೆಯಲ್ಲಿ ಟಾರ್ಟಾರಿಕ್ ಆಮ್ಲ, ನಿಂಬೆಯಲ್ಲಿ ಸಿಟ್ರಿಕ್ ಆಮ್ಲ, ವಿನೆಗರಿನಲ್ಲಿ ಅಸಿಟಿಕ್ ಆಮ್ಲ ಇವೆ. ಹುಳಿ ತಗಲಿದ ಕೂಡಲೇ ಸುಣ್ಣ ಕರಗಿ ಸಣ್ಣ ಗುಳ್ಳೆ ಏಳುತ್ತದೆ.

ಅರ್ಧ ವಿನೆಗರು ಅರ್ಧ ನೀರು ಬೆರಸಿ, ಇಲ್ಲವೇ ಅಂಗಡಿಯಲ್ಲಿ ನಿಂಬೆ ಉಪ್ಪು ಎಂದು ಸಿಗುವ ಸಿಟ್ರಿಕ್ ಆಮ್ಲದ ಎರಡು ಚಮಚವನ್ನು ಒಂದು ಲೀಟರು ಉಗುರು ಬೆಚ್ಚನೆಯ ನೀರಿನಲ್ಲಿ ಕರಗಿಸಿ. ನಿಂತ ಗಾಜಿನ ಮೇಲೆ ಚಿಮುಕಿಸಿದರೆ ಅದು ಹರಿದು ಹೋಗುತ್ತದೆ. ಆದುದರಿಂದ ಬಟ್ಟೆಯನ್ನು ಅದರಲ್ಲಿ ನೆನೆಸಿ ಗಾಜಿಗೆ ಅಂಟಿಸಿ ಹತ್ತು ಹದಿನೈದು ನಿಮಿಷ ಬಿಡಿ. ಆಮೇಲೆ ಅದೇ ಬಟ್ಟೆಯಿಂದ ಮೆಲ್ಲಗೆ ಉಜ್ಜಿ, ನೀರಿನಿಂದ ತೊಳೆದು, ಕೂಡಲೇ ಒರೆಸಿ ಒಣಗಿಸಿ. ಹಳೆಯ ಕಲೆಯಾದರೆ ಎರಡು ಮೂರು ಸಲ ಮಾಡಬೇಕಾದೀತು. ಸೋಪಿನ ಜಿಡ್ಡಿದ್ದರೆ ಮೊದಲು ಪಾತ್ರೆ ತೊಳೆಯುವ ದ್ರವದಿಂದ ಅದನ್ನು ತೆಗೆದು ಆಮೇಲೆ ಹುಳಿ ಹಚ್ಚಿ. ಹುಣಸೆಯನ್ನೇ ಬಳಸುವುದಾದರೆ ರಸವನ್ನು ಬಟ್ಟೆಯಲ್ಲಿ ಸೋಸಿಕೊಳ್ಳಿ. ಅದರ ನಾರಿನಲ್ಲಿ ಮರಳಿನ ಕಣವಿದ್ದರೆ ಗಾಜಿಗೆ ಗೀರು ಬೀಳುತ್ತದೆ. ಬೂದಿ, ಇಟ್ಟಿಗೆ ಪುಡಿ, ಮರಳು, ಉಕ್ಕಿನ ನಾರು ಇವು ಯಾವುವೂ ಗಾಜಿಗೆ ಬೇಡ. ಗೀರು ಬಿದ್ದ ಗಾಜಿನ ಮೇಲೆ ಮುಂದಿನ ಸುಣ್ಣ ಇನ್ನೂ ಬೇಗ ಕೂರುತ್ತದೆ.

ಇಲ್ಲಿ ಎರಡು ಎಚ್ಚರಿಕೆಗಳನ್ನು ಹೇಳಲೇಬೇಕು. ಮೊದಲನೆಯದು ನೆಲದ ವಿಷಯ. ನಮ್ಮ ಬಚ್ಚಲು ಮನೆಗಳಲ್ಲಿ ಶಹಾಬಾದ್ ಕಲ್ಲು ಇಲ್ಲವೇ ಕಡಪಾ ಕಲ್ಲು ಹಾಸಿರುವುದು ಹೆಚ್ಚು. ಅವೆರಡೂ ಸುಣ್ಣದ ಕಲ್ಲುಗಳೇ. ಗಾಜಿನ ಸುಣ್ಣವನ್ನು ತಿನ್ನುವ ಹುಳಿ ನೆಲದ ಸುಣ್ಣವನ್ನು ಬಿಟ್ಟೀತೇ? ಕಲ್ಲಿನ ಹೊಳಪು ಹೋಗಿ ಬೆಳ್ಳಗಾಗುತ್ತದೆ. ಸಿಮೆಂಟು, ಮೊಸಾಯಿಕ್, ಅಮೃತಶಿಲೆಗೂ ಇದೇ ಮಾತು. ಕೆಳಗೆ ದಪ್ಪ ಬಟ್ಟೆ ಹಾಸಿಕೊಂಡು ಕೆಲಸ ಮಾಡಿ, ಬಿದ್ದುದನ್ನು ಕೂಡಲೇ ನೀರು ಹಾಕಿ ತೊಳೆಯಿರಿ.

ಎರಡನೆಯದು ಪ್ರಾಣದ ವಿಷಯ. ಕಲೆ ಬೇಗ ಹೋಗಲೆಂದು ಕೆಲವರು ಕಕ್ಕಸು ತೊಳೆಯುವ ಆಸಿಡ್ಡನ್ನು ತಂದು ಗಾಜಿಗೆ ಸುರಿಯುತ್ತಾರೆ. ಉಗುರಿನಿಂದ ಹೋಗುವುದಕ್ಕೆ ಕೊಡಲಿ ತೆಗೆದುಕೊಂಡಂತೆ ಇದು. ಅದರ ಹೊಗೆ ಕಣ್ಣು, ಗಂಟಲು, ಶ್ವಾಸಕೋಶಗಳನ್ನು ಸುಡುತ್ತದೆ. ನಲ್ಲಿಯ ಲೇಪವನ್ನು ಕೆಡಿಸುತ್ತದೆ. ಆ ಆಸಿಡ್ಡಿಗೆ ಬ್ಲೀಚಿಂಗ್ ಪುಡಿ ತಗಲಿದರಂತೂ ಕ್ಲೋರಿನ್ ಎಂಬ ವಿಷಾನಿಲ ಏಳುತ್ತದೆ. ಕಿಟಕಿ ಮುಚ್ಚಿದ ಸಣ್ಣ ಬಚ್ಚಲು ಮನೆಯಲ್ಲಿ ಅದು ಮನುಷ್ಯನನ್ನು ಕೊಲ್ಲಬಲ್ಲದು. ವಿನೆಗರಾಗಲಿ ನಿಂಬೆ ಉಪ್ಪಾಗಲಿ, ಯಾವ ಹುಳಿಯನ್ನೂ ಬ್ಲೀಚಿಂಗ್ ಪುಡಿಯ ಜೊತೆ ಸೇರಿಸಕೂಡದು. ಆಸಿಡ್ಡನ್ನು ಕುಡಿಯುವ ನೀರಿನ ಬಾಟಲಿಯಲ್ಲಿ ತುಂಬಿಡುವ ಅಭ್ಯಾಸವನ್ನು ಇಂದೇ ಬಿಡಿ. ಮಗುವಿಗೆ ಬಾಟಲಿಯ ಗುರುತು ಮಾತ್ರ ಗೊತ್ತು, ಒಳಗಿರುವುದು ಏನೆಂದು ಗೊತ್ತಿಲ್ಲ.

ಮೂರು ಸಲ ಹುಳಿ ಹಚ್ಚಿದರೂ ಕಲೆ ಹೋಗದಿದ್ದರೆ? ಕಲೆ ಬರಿಯ ಸುಣ್ಣದ್ದಲ್ಲ ಎಂದು ತಿಳಿಯಬೇಕು. ಗ್ರಾನೈಟ್ ಬಂಡೆಯ ನೀರಿನಲ್ಲಿ ಸಿಲಿಕ, ಎಂದರೆ ಮರಳಿನ ಅಂಶವೂ ಕರಗಿರುತ್ತದೆ. ಅದು ಒಣಗಿ ಕೂತರೆ ಹುಳಿಗೆ ಜಗ್ಗುವುದಿಲ್ಲ. ಅಲ್ಲದೆ ಕಲೆ ಬಹುಕಾಲ ಹಾಗೆಯೇ ಇದ್ದು ಮತ್ತೆ ಮತ್ತೆ ನೆನೆದು ಒಣಗುತ್ತಿದ್ದರೆ ಗಾಜಿನ ಮೈಯೇ ಸವೆದು ಒರಟಾಗುತ್ತದೆ. ಒದ್ದೆ ಮಾಡಿದಾಗ ಮಾಯವಾಗಿ, ಉಗುರಿಗೆ ಪದರವೇನೂ ಸಿಗದೆ, ಒಣಗಿದ ಮೇಲೆ ಮತ್ತೆ ಮಬ್ಬು ಕಂಡರೆ ಗಾಜು ಸವೆದಿರಬಹುದು. ಆಗ ಗಾಜಿನ ಕೆಲಸ ಬಲ್ಲವರಿಂದ ಹೊಳಪು ಕೊಡಿಸಬೇಕು, ಇಲ್ಲವೇ ಗಾಜನ್ನೇ ಬದಲಾಯಿಸಬೇಕು. ನಿಮಿಷದ ಕೆಲಸವನ್ನು ಬಿಟ್ಟುದಕ್ಕೆ ಕೊಡುವ ಬೆಲೆ ಅದು.

ಹೊಲದ ಗಾಜು

ಈಗ ಸೋಲಾರ್ ಫಲಕಕ್ಕೆ ಬರೋಣ. ಫಲಕದ ಮೇಲೆ ಧೂಳು ಕೂರುತ್ತದೆ, ಹಕ್ಕಿಯ ಹಿಕ್ಕೆ ಬೀಳುತ್ತದೆ, ತೊಳೆಯಲೇಬೇಕು. ಹೇಗೆ ತೊಳೆಯುತ್ತೇವೆ? ಮಧ್ಯಾಹ್ನ ಪಂಪು ಓಡುತ್ತಿರುವಾಗ ಅದರದೇ ಕೊಳವೆಯನ್ನು ಫಲಕಕ್ಕೆ ಹಿಡಿದು ನೀರು ಹಾಯಿಸಿ ಹೋಗಿಬಿಡುತ್ತೇವೆ. ಇದರಲ್ಲಿ ಮೂರು ತಪ್ಪುಗಳಿವೆ. ಕಾದ ಗಾಜಿಗೆ ತಣ್ಣೀರು ಬಿದ್ದರೆ ಗಾಜು ಬಿರಿಯುವ ಭಯ ಉಂಟು. ಕಾದ ಗಾಜಿನ ಮೇಲೆ ನೀರು ಕ್ಷಣದಲ್ಲಿ ಒಣಗಿ ಸುಣ್ಣವನ್ನು ಬಿಡುತ್ತದೆ. ಬಿಸಿಲಿರುವಾಗ ಫಲಕದಲ್ಲಿ ವಿದ್ಯುತ್ತು ಹರಿಯುತ್ತಿರುತ್ತದೆ. ಒದ್ದೆ ಕೈ, ಬಿರುಕು ಬಿಟ್ಟ ಗಾಜು, ಹರಿದ ತಂತಿ ಮೂರೂ ಕೂಡಿದರೆ ಅಪಾಯ.

ಸರಿಯಾದ ಕ್ರಮ ಹೀಗೆ. ಬೆಳಗಿನ ಜಾವ, ಬಿಸಿಲು ಏರುವ ಮೊದಲು, ಇಲ್ಲವೇ ಹೊತ್ತು ಮುಳುಗಿದ ಮೇಲೆ ತೊಳೆಯಿರಿ. ಮೊದಲು ಪಂಪಿನ ಸ್ವಿಚ್ಚು ಆರಿಸಿ. ಗಾಜು ಒಡೆದಿದ್ದರೆ ಅಥವಾ ತಂತಿ ಕಳಚಿದ್ದರೆ ಮುಟ್ಟಬೇಡಿ, ನಿರ್ವಹಣೆಯ ಹೊಣೆ ಹೊತ್ತವರನ್ನು ಕರೆಸಿ. ಫಲಕದ ಮೇಲೆ ಕಾಲಿಡಬೇಡಿ. ಸಡಿಲವಾದ ಧೂಳನ್ನು ಮೆತ್ತನೆಯ ಕುಂಚದಿಂದ ಹಗುರವಾಗಿ ಸರಿಸಿ, ಆಮೇಲೆ ನೀರು ಹಾಕಿ ನೆನೆಸಿ, ಮೆತ್ತನೆಯ ಬಟ್ಟೆಯಿಂದ ಒರೆಸಿ. ಕೂಡಿಟ್ಟ ಮಳೆ ನೀರಿದ್ದರೆ ಅದೇ ಉತ್ತಮ. ಒಂದು ಫಲಕಕ್ಕೆ ಎರಡು ಮೂರು ಲೀಟರು ಸಾಕು. ಕೊಳವೆ ಬಾವಿಯ ನೀರನ್ನೇ ಬಳಸಬೇಕಾದರೆ ತೊಳೆದ ಫಲಕವನ್ನು ಆಗಲೇ ಒರೆಸಿ ಮುಗಿಸಿ ಮುಂದಿನದಕ್ಕೆ ಹೋಗಿ. ಎಲ್ಲವನ್ನೂ ಒಟ್ಟಿಗೆ ತೊಳೆದು ಕೊನೆಗೆ ಒರೆಸುತ್ತೇನೆಂದರೆ ಮೊದಲಿನದು ಅಷ್ಟರಲ್ಲಿ ಒಣಗಿರುತ್ತದೆ.

ಫಲಕದ ಕೆಳಗಿನ ಅಂಚನ್ನು ವಿಶೇಷವಾಗಿ ನೋಡಿಕೊಳ್ಳಿ. ನೀರು ಇಳಿದು ಬಂದು ಚೌಕಟ್ಟಿನ ದಡಕ್ಕೆ ನಿಲ್ಲುವುದು ಅಲ್ಲಿ, ಒಣಗುವುದೂ ಅಲ್ಲಿ. ಮಣ್ಣು ಸುಣ್ಣ ಸೇರಿ ಉದ್ದಕ್ಕೂ ಒಂದು ಪಟ್ಟೆ ಕಟ್ಟುತ್ತದೆ. ನಾಲ್ಕು ಬೆರಳು ಪಟ್ಟೆ ತಾನೇ ಎನ್ನಬೇಡಿ. ಫಲಕದೊಳಗಿನ ವಿದ್ಯುತ್ ಕೋಶಗಳನ್ನು ಒಂದಕ್ಕೊಂದು ಪೋಣಿಸಿರುತ್ತಾರೆ. ಕಾಲುವೆಯಲ್ಲಿ ಒಂದು ಕಡೆ ಕಸ ಕಟ್ಟಿದರೆ ಕೆಳಗಿನ ಗದ್ದೆಗೆಲ್ಲ ನೀರು ಕಡಿಮೆಯಾಗುವಂತೆ, ಕೆಳಸಾಲಿನ ಕೋಶಗಳಿಗೆ ನೆರಳು ಬಿದ್ದರೆ ಅವುಗಳ ಪಾಲಿಗಿಂತ ಹೆಚ್ಚು ನಷ್ಟ ಇಡೀ ಫಲಕಕ್ಕೆ ಆಗುತ್ತದೆ.

ಬಚ್ಚಲು ಮನೆಯ ಗಾಜಿಗೆ ಹೇಳಿದ ಹುಳಿಯನ್ನು ಫಲಕಕ್ಕೆ ನೀವಾಗಿಯೇ ಹಚ್ಚಬೇಡಿ. ಬೆಳಕು ಹಿಂದಕ್ಕೆ ಚಿಮ್ಮದಂತೆ ಅನೇಕ ಫಲಕಗಳ ಗಾಜಿನ ಮೇಲೆ ತೆಳುವಾದ ಲೇಪವಿರುತ್ತದೆ, ಚೌಕಟ್ಟು ಅಲ್ಯೂಮಿನಿಯಂನದು. ಗಟ್ಟಿಯಾದ ಕಲೆಯಿದ್ದರೆ ಫಲಕ ಕೊಟ್ಟವರನ್ನು ಕೇಳಿ, ಅವರು ಒಪ್ಪಿದ ದ್ರವವನ್ನೇ ಬಳಸಿ. ಬಟ್ಟೆ ಒಗೆಯುವ ಪುಡಿ, ಮೇಣ, ಎಣ್ಣೆ ಯಾವುದೂ ಬೇಡ. ತುಂತುರು ನೀರಾವರಿಯ ಹನಿಗಳು ಗಾಳಿಗೆ ಹಾರಿ ಫಲಕದ ಮೇಲೆ ಬೀಳುತ್ತಿದ್ದರೆ ತುಂತುರಿನ ಜಾಗವನ್ನು ಬದಲಿಸಿ. ದಿನವೂ ಬಿದ್ದು ದಿನವೂ ಒಣಗುವ ನೀರಿಗಿಂತ ಕೆಟ್ಟದ್ದು ಬೇರೊಂದಿಲ್ಲ.

ಮಾಳಿಗೆಯ ಬಿಸಿನೀರಿನ ಕೊಳವೆಯಲ್ಲಿ ಕಲೆ ಒಳಗಡೆ ಕಟ್ಟುತ್ತದೆ. ನೀರು ಬಿಸಿಯಾದಷ್ಟೂ ಸುಣ್ಣ ಹೆಚ್ಚು ಕೂರುತ್ತದೆಯಾದ್ದರಿಂದ ಅಲ್ಲಿ ಒರೆಸುವ ಉಪಾಯವಿಲ್ಲ. ಗಡಸು ನೀರಿನ ಊರಿನವರು ಕೊಳ್ಳುವಾಗಲೇ ಅಂಗಡಿಯವರಿಗೆ ನೀರಿನ ಪರೀಕ್ಷೆಯ ಫಲವನ್ನು ತೋರಿಸಿ ಅದಕ್ಕೆ ತಕ್ಕ ಮಾದರಿಯನ್ನು ಕೇಳಬೇಕು, ಕಾಲಕಾಲಕ್ಕೆ ಒಳಗಿನ ಪೊರೆಯನ್ನು ತೆಗೆಸಬೇಕು.

ನೀರನ್ನೇ ಮೆದು ಮಾಡಬಹುದೇ?

ನೀರನ್ನೇ ಬದಲಾಯಿಸಿದರೆ ಹೇಗೆ ಎಂದು ಕೇಳಬಹುದು. ಪಟಿಕ ಹಾಕಿದರೆ ಕೆಸರು ತಳಕ್ಕೆ ಇಳಿಯುತ್ತದೆ, ಗಡಸುತನ ಹೋಗುವುದಿಲ್ಲ. ಕುದಿಸಿದರೆ ಗಡಸುತನದಲ್ಲಿ ಒಂದು ಭಾಗ ಹೋಗುತ್ತದೆ. ಹಂಡೆಯ ಪೊರೆಯೇ ಅದಕ್ಕೆ ಸಾಕ್ಷಿ. ಗಾಜು ತೊಳೆಯಲು ನೀರು ಕುದಿಸಿದರೆ ಸೌದೆಯ ಖರ್ಚು ಯಾರು ಕೊಡಬೇಕು? 1841ರಲ್ಲಿ ಸ್ಕಾಟ್ಲೆಂಡಿನ ಥಾಮಸ್ ಕ್ಲಾರ್ಕ್ ಎಂಬ ರಸಾಯನಶಾಸ್ತ್ರದ ಪ್ರಾಧ್ಯಾಪಕರು, ನೀರಿಗೆ ಲೆಕ್ಕ ಹಾಕಿ ಸುಣ್ಣ ಬೆರೆಸಿಯೇ ನೀರಿನ ಸುಣ್ಣವನ್ನು ತಳಕ್ಕಿಳಿಸುವ ವಿಧಾನಕ್ಕೆ ಹಕ್ಕುಪತ್ರ ಪಡೆದರು. ದೊಡ್ಡ ನೀರು ಸರಬರಾಜು ಕೇಂದ್ರಗಳಲ್ಲಿ ಅದು ನಡೆಯುತ್ತದೆ. ಅಳತೆ ತಪ್ಪಿದರೆ ನೀರು ಇನ್ನೂ ಕೆಡುವುದರಿಂದ ಮನೆಯಲ್ಲಿ ಅಂದಾಜಿನ ಮೇಲೆ ಮಾಡತಕ್ಕದ್ದಲ್ಲ.

ಈಗ ಸಾಫ್ಟನರ್ ಎಂಬ ಯಂತ್ರಗಳಿವೆ. ಅವು ಕ್ಯಾಲ್ಸಿಯಂ, ಮೆಗ್ನೀಷಿಯಂಗಳನ್ನು ಹಿಡಿದುಕೊಂಡು ಬದಲಿಗೆ ಸೋಡಿಯಂ ಬಿಡುತ್ತವೆ. ಸ್ನಾನಕ್ಕೂ ಬಟ್ಟೆಗೂ ಹಿತ. ಆದರೆ ಯಂತ್ರಕ್ಕೆ ಆಗಾಗ ಉಪ್ಪು ಹಾಕಬೇಕು, ಅದನ್ನು ತೊಳೆದ ಉಪ್ಪುನೀರು ಹೊರಗೆ ಹೋಗುತ್ತದೆ. ರೈತನು ಇದನ್ನು ಗಮನಿಸಬೇಕು. ಸೋಡಿಯಂ ಹೆಚ್ಚಾದ ನೀರು ಮಣ್ಣಿನ ಹದವನ್ನು ಕೆಡಿಸುತ್ತದೆ. ಬಚ್ಚಲು ನೀರನ್ನು ಬಾಳೆಗೆ, ತೆಂಗಿಗೆ ಬಿಡುವ ಮನೆಗಳಲ್ಲಿ ಆ ನೀರನ್ನು ಗಿಡಕ್ಕೆ ಬಿಡಬಾರದು.

ನಮಗೆ ಸುಲಭವಾದ ಮೆದು ನೀರು ಆಕಾಶದಿಂದ ಬರುತ್ತದೆ. ಒಂದು ಚದರ ಮೀಟರು ಮಾಳಿಗೆಯ ಮೇಲೆ ಒಂದು ಮಿಲಿಮೀಟರು ಮಳೆ ಬಿದ್ದರೆ ಒಂದು ಲೀಟರು. ಮೂವತ್ತು ಅಡಿ ಉದ್ದ, ಇಪ್ಪತ್ತು ಅಡಿ ಅಗಲದ ಮಾಳಿಗೆ ಸುಮಾರು 55 ಚದರ ಮೀಟರು. ವರ್ಷಕ್ಕೆ 700 ಮಿಲಿಮೀಟರು ಮಳೆ ಬೀಳುವ ಊರಿನಲ್ಲಿ ಅದರ ಮೇಲೆ 38,500 ಲೀಟರು ಬೀಳುತ್ತದೆ. ಐದರಲ್ಲಿ ಒಂದು ಪಾಲು ಪೋಲಾದರೂ 30,000 ಲೀಟರಿಗೆ ಮೋಸವಿಲ್ಲ. ಮೊದಲ ಮಳೆಯ ಕೊಳೆಯನ್ನು ಹೊರಕ್ಕೆ ಬಿಟ್ಟು ಉಳಿದುದನ್ನು ಮುಚ್ಚಿದ ತೊಟ್ಟಿಯಲ್ಲಿ ಹಿಡಿದರೆ ಗಾಜು ತೊಳೆಯುವುದಿರಲಿ, ಬೇಳೆ ಬೇಯಿಸಲು, ಬಟ್ಟೆ ಒಗೆಯಲು, ಔಷಧ ಸಿಂಪಡಿಸಲು ಸಹ ಒದಗುತ್ತದೆ.

ಗಾಜನ್ನು ನೋಡಿ ಕುಡಿಯುವ ನೀರನ್ನು ಅಳೆಯಬೇಡಿ

ಮುಗಿಸುವ ಮೊದಲು ಒಂದು ಮುಖ್ಯ ಮಾತು. ಗಾಜಿನ ಮೇಲೆ ಕಲೆ ಬಿದ್ದ ಮಾತ್ರಕ್ಕೆ ಆ ನೀರು ವಿಷವಲ್ಲ. ಗಡಸುತನದ ಕ್ಯಾಲ್ಸಿಯಂ ಮೈಗೂ ಬೇಕಾದ ಪದಾರ್ಥವೇ. ಹಾಗೆಯೇ ಕಲೆ ಬೀಳದ ನೀರೆಲ್ಲ ಅಮೃತವೂ ಅಲ್ಲ. ಹಲ್ಲನ್ನೂ ಮೂಳೆಯನ್ನೂ ಕೆಡಿಸುವ ಫ್ಲೋರೈಡು ಗಾಜಿನ ಮೇಲೆ ಗುರುತು ತೋರಿಸುವುದಿಲ್ಲ. ಅಷ್ಟೇ ಅಲ್ಲ, ಕ್ಯಾಲ್ಸಿಯಂ ಕಡಿಮೆಯಿರುವ ಮೆದು ನೀರಿನಲ್ಲಿಯೇ ಫ್ಲೋರೈಡು ಹೆಚ್ಚು ಕರಗಿರುವುದು ಸಾಮಾನ್ಯ. ನಮ್ಮ ಗಾಜು ಹೊಳೆಯುತ್ತದೆ, ಆದುದರಿಂದ ನಮ್ಮ ಬಾವಿ ಒಳ್ಳೆಯದು ಎಂದು ನಂಬಿ ಕೂತರೆ ಮಕ್ಕಳ ಹಲ್ಲು ಕಂದು ಬಣ್ಣಕ್ಕೆ ತಿರುಗಿದ ಮೇಲೆ ತಿಳಿಯುತ್ತದೆ. ಫ್ಲೋರೈಡು ಲೀಟರಿಗೆ 1 ಮಿಲಿಗ್ರಾಂ ಮೀರಬಾರದು. ಬೇರೆ ನೀರಿಲ್ಲದ ಕಡೆ 1.5 ಮಿಲಿಗ್ರಾಂ ಕಡೆಯ ಮಿತಿ. ಕುದಿಸಿದರೆ ಅದು ಹೋಗುವುದಿಲ್ಲ. ನೀರು ಇಂಗಿದಷ್ಟೂ ಹೆಚ್ಚಾಗುತ್ತದೆ.

ಆದುದರಿಂದ ಪರೀಕ್ಷೆಯೊಂದೇ ದಾರಿ. 2019ರಲ್ಲಿ ಜಲ ಜೀವನ ಮಿಷನ್ ಬಂದ ಮೇಲೆ, ಪ್ರತಿ ಗ್ರಾಮದಲ್ಲಿ ಐವರು ಮಹಿಳೆಯರಿಗೆ ನೀರಿನ ಪರೀಕ್ಷೆಯ ಪೆಟ್ಟಿಗೆಯನ್ನು ಬಳಸಲು ತರಬೇತಿ ಕೊಡುವ ಏರ್ಪಾಟು ಆಯಿತು. ನಿಮ್ಮ ಗ್ರಾಮ ಪಂಚಾಯಿತಿಯಲ್ಲಿ ಆ ಪೆಟ್ಟಿಗೆ ಎಲ್ಲಿದೆ, ತರಬೇತಿ ಪಡೆದ ಅಕ್ಕಂದಿರು ಯಾರು ಎಂದು ವಿಚಾರಿಸಿ. ಕುಡಿಯುವ ಬಾವಿಯ ಗಡಸುತನ, ಫ್ಲೋರೈಡು ಎರಡನ್ನೂ ಪರೀಕ್ಷಿಸಿ ಫಲವನ್ನು ಪಂಚಾಯಿತಿಯ ಗೋಡೆಯ ಮೇಲೆ ಬರೆಸಿ. ಅಂಕಿ ಕಣ್ಣಿಗೆ ಬಿದ್ದರೆ ಮುಂದಿನ ಕೆಲಸಕ್ಕೆ ದಾರಿಯಾಗುತ್ತದೆ.

ಬಾಂಧವರೇ, ಗಾಜು ದುಬಾರಿಯ ಪದಾರ್ಥ. ಸಾಲ ಮಾಡಿ ತಂದ ಫಲಕವಾಗಲಿ, ಮಗಳ ಮದುವೆಗೆಂದು ಹೊಸದು ಮಾಡಿಸಿದ ಬಚ್ಚಲು ಮನೆಯಾಗಲಿ, ಅದನ್ನು ಕಾಪಾಡುವ ಖರ್ಚು ಒಂದು ರಬ್ಬರು ಪಟ್ಟಿ, ಒಂದು ತುಂಡು ಬಟ್ಟೆ, ದಿನಕ್ಕೆ ಒಂದು ನಿಮಿಷ. ನಾಳೆ ಬೆಳಿಗ್ಗೆ ಸ್ನಾನವಾದ ಮೇಲೆ ಗಾಜು ಒಣಗುವ ಮೊದಲು ಒರೆಸಿ. ಹೊಲಕ್ಕೆ ಹೋದಾಗ ಫಲಕದ ಕೆಳಗಿನ ಅಂಚನ್ನು ಒಮ್ಮೆ ಬಗ್ಗಿ ನೋಡಿ. ಇಷ್ಟು ಮಾಡಿದರೆ ನನ್ನ ಮಾತು ಸಾರ್ಥಕವಾಯಿತೆಂದು ತಿಳಿಯುತ್ತೇನೆ.